ಕೂತ ಅಜ್ಜಿಗೆ ನಾಲ್ಕು ಬಣ್ಣ ಸಾಕು

ಪ್ರಶ್ನೆ: ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುವ ನಮ್ಮಜ್ಜಿಯ ಚಿತ್ರವನ್ನು ಆಯಿಲ್ ಪೇಂಟ್‌ನಲ್ಲಿ ಬರೆಯುತ್ತಿದ್ದೇನೆ. ಮುಖ ಹೋಲುತ್ತದೆ, ಜೀವ ಮಾತ್ರ ಇಲ್ಲ. ಧೈರ್ಯವಾಗಿ ಬ್ರಷ್ ಬೀಸಿದರೆ ಬಣ್ಣವೆಲ್ಲ ಕೆಸರಾಗುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಮುಖದಿಂದ ಶುರು ಮಾಡಿದ್ದೀರಿ ಅನ್ನಿಸುತ್ತದೆ. ಕೂತವರನ್ನು ಸೊಂಟದಿಂದ ಶುರು ಮಾಡಬೇಕು. ಅಜ್ಜಿ ಕಾಲು ನೀಡಿದ್ದಾರೋ, ಒಂದು ಮಂಡಿ ಎತ್ತಿದ್ದಾರೋ, ಮೈಭಾರ ಯಾವ ಕಡೆ ಊರಿದೆ, ಅದನ್ನು ಮೊದಲು ನೋಡಿ. ಕತ್ತಿನಿಂದ ನೆಲದವರೆಗೆ ಬೆನ್ನಿನ ಬಾಗು ಒಂದೇ ಎಳೆತದಲ್ಲಿ ಬರಲಿ. ಅದು ಸರಿಯಾದರೆ ಕಣ್ಣು, ಮೂಗು ಬರೆಯುವ ಮೊದಲೇ ಮನೆಯವರು ಗುರುತು ಹಿಡಿಯುತ್ತಾರೆ.

ಮೋಡದ ದಿನ ನಮ್ಮ ಮಲೆನಾಡಿನ ಬೆಳಕು ಎಲ್ಲ ಕಡೆಯಿಂದ ಒಂದೇ ಸಮ ಬೀಳುತ್ತದೆ, ನೆರಳೇ ಸಿಗುವುದಿಲ್ಲ. ಅಜ್ಜಿಯನ್ನು ಬಾಗಿಲ ಪಕ್ಕಕ್ಕೆ ಕೂರಿಸಿ. ಒಂದು ಮಗ್ಗುಲು ಬೆಳಕು, ಹಿಂದೆ ಒಳಮನೆಯ ಕತ್ತಲೆ. ಕಣ್ಣು ಕಿರಿದು ಮಾಡಿ ನೋಡಿದರೆ ಮೂರೇ ಛಾಯೆ ಉಳಿಯುತ್ತವೆ: ಬೆಳಕು, ನಡುವಿನದು, ಕತ್ತಲೆ. ಹಾಸನದ ನನ್ನ ಕ್ಲಾಸಿನಲ್ಲಿ ಇಷ್ಟಾಗದೆ ಟ್ಯೂಬಿನ ಮುಚ್ಚಳ ತೆಗೆಯಲು ಬಿಡುವುದಿಲ್ಲ.

ಬಣ್ಣ ನಾಲ್ಕು ಸಾಕು: ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ (ಕೆಂಪು), ಐವರಿ ಬ್ಲ್ಯಾಕ್ (ಕಪ್ಪು), ವೈಟ್. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜಾರ್ನ್ ಹೆಸರಿನಲ್ಲೇ ಪ್ರಸಿದ್ಧವಾದ ಪ್ಯಾಲೆಟ್, ಅಂದರೆ ಬಣ್ಣಗಳ ಆಯ್ಕೆ, ಇದು. ಕಪ್ಪಿಗೆ ಓಕರ್ ಬೆರೆಸಿ ನೋಡಿ, ಜಗಲಿಯಾಚೆಯ ಕಾಫಿ ಗಿಡದ ಮಂಕು ಹಸಿರು ಬರುತ್ತದೆ. ಕಪ್ಪಿಗೆ ಬಿಳಿ ಬೆರೆಸಿ ಮೈಬಣ್ಣದ ಪಕ್ಕಕ್ಕಿಟ್ಟರೆ ನೀಲಿಯಂತೆಯೇ ಕಾಣುತ್ತದೆ. ಅಜ್ಜಿಯ ನರೆಗೂದಲಿಗೆ ಅದಕ್ಕಿಂತ ಒಳ್ಳೆಯ ಬಣ್ಣ ಇಲ್ಲ.

ಅಮೃತಾ ಶೇರ್‌ಗಿಲ್ ದಕ್ಷಿಣ ಭಾರತ ಸುತ್ತಿಬಂದು 1937ರಲ್ಲಿ ಬರೆದ ‘ಬ್ರಹ್ಮಚಾರಿಗಳು’ ಚಿತ್ರವನ್ನು ದಯವಿಟ್ಟು ನೋಡಿ. ಕೂತ ಹುಡುಗರ ಕಂದು ಮೈ, ಬಿಳಿ ಪಂಚೆ. ಎಷ್ಟು ಕಡಿಮೆ ಬಣ್ಣ, ಎಷ್ಟು ಗಾಂಭೀರ್ಯ! ನನಗೆ ಅದು ಇಂದಿಗೂ ಪಾಠ.

ಇನ್ನು ಕೆಸರಿನ ವಿಷಯ. ಹಸಿ ಬಣ್ಣದ ಮೇಲೆ ಬ್ರಷ್ಷನ್ನು ಹಿಂದೆ ಮುಂದೆ ಉಜ್ಜುವುದರಿಂದ ಆಗುವುದು ಅದು. ಅಗಲದ ಫ್ಲ್ಯಾಟ್ ಬ್ರಷ್ ತಗೊಳ್ಳಿ. ಬಣ್ಣವನ್ನು ಪ್ಯಾಲೆಟ್ ಹಲಗೆಯಲ್ಲೇ ಕಲಸಿ ಮುಗಿಸಿ, ಸೀರೆಯ ಮಡಿಕೆ ಹೋದ ದಿಕ್ಕಿಗೆ ಒಮ್ಮೆ ಎಳೆದು ಕೈ ಎತ್ತಿಬಿಡಿ. ತಪ್ಪೆನಿಸಿದರೆ ತಿದ್ದಬೇಡಿ, ಬಣ್ಣ ಕಲಸುವ ಪ್ಯಾಲೆಟ್ ನೈಫ್‌ನಿಂದ ಕೆರೆದು ಹೊಸದಾಗಿ ಹಾಕಿ. ಪ್ರತಿ ಎಳೆತಕ್ಕೂ ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸಿ. ಮೊರ ಹಿಡಿದ ಬೆರಳುಗಳನ್ನು ಒಂದೊಂದಾಗಿ ಬರೆಯಬೇಡಿ. ಅಂಗೈ ಒಂದು ಎಳೆತ, ಬೆರಳೆಲ್ಲ ಸೇರಿ ಇನ್ನೊಂದು.

ಮಳೆಗಾಲದಲ್ಲಿ ಆಯಿಲ್ ಬೇಗ ಒಣಗುವುದಿಲ್ಲ. ಮೊದಲ ಪದರಕ್ಕೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಎಣ್ಣೆ ಹೆಚ್ಚಿರುವ ದಪ್ಪ ಬಣ್ಣ ಮೇಲಿರಲಿ. ತಿರುವುಮುರುವಾದರೆ ಮುಂದೆ ಬಿರುಕು ಬಿಡುತ್ತದೆ.