ನರ್ಸ್ ಆಂಬ್ಯುಲೆನ್ಸ್ ಹತ್ತಿದ ಮೇಲೆ ವಾರ್ಡಿನಲ್ಲಿ ಯಾರು?

ಬ್ಯಾಂಕಿನ ವರ್ಗಾವಣೆಯಲ್ಲಿ ದಾವಣಗೆರೆಯಿಂದ ಕಾಸರಗೋಡಿಗೆ ಬರುತ್ತಿದ್ದೀರಿ, ಜೊತೆಗೆ ಎರಡು ವರ್ಷದ ಮಗುವಿದೆ. ಮನೆ, ಶಾಲೆ, ನೀರು ಎಲ್ಲ ಕೇಳಿಯಾದ ಮೇಲೆ ಒಂದು ಮಾತು ಕೇಳಿದಿರಿ: ‘ಊರಿನಲ್ಲೇ ಇಷ್ಟು ಆಸ್ಪತ್ರೆಗಳಿರುವಾಗ, ಮಗುವಿನ ಜ್ವರ ಎರಡನೆಯ ದಿನಕ್ಕೆ ಇಳಿಯದಿದ್ದರೆ ನಿಮ್ಮವರು ಮಂಗಳೂರಿಗೆ ಓಡುವುದೇಕೆ?’

ಇದಕ್ಕೆ ಇಲ್ಲಿ ಯಾರನ್ನು ಕೇಳಿದರೂ ಸಿದ್ಧ ಉತ್ತರವಿದೆ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಮಂಗಳೂರು ನಮ್ಮ ಪೇಟೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಆ ವರದಿ ಅಲ್ಲೇ ಉಳಿಯಿತು. ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50 ಕಿಲೋಮೀಟರ್, ರಾಜಧಾನಿ ತಿರುವನಂತಪುರ 500 ಕಿಲೋಮೀಟರಿಗೂ ದೂರ. ಕಾಯಿಲೆ ಎಂದೊಡನೆ ನಮ್ಮ ಕಾಲು ತಾನಾಗಿ ಬಡಗು ದಿಕ್ಕಿಗೆ ತಿರುಗುತ್ತದೆ. ಅಲ್ಲಿ ದೊಡ್ಡ ಡಾಕ್ಟರುಗಳಿದ್ದಾರೆ, ಮೆಡಿಕಲ್ ಕಾಲೇಜುಗಳಿವೆ, ಮಾತೂ ನಮ್ಮದೇ.

ಎಲ್ಲವೂ ನಿಜ. ಆದರೆ ಅರ್ಧರಾತ್ರಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತವರು ಆಡುವ ಮಾತು ಬೇರೆ: ‘ಡಾಕ್ಟರ್ ಒಳ್ಳೆಯವರೇ, ರಾತ್ರಿ ಮಾತ್ರ ಯಾರೂ ಇಲ್ಲ.’ ಯಾರೂ ಇಲ್ಲ ಎಂದರೆ ನರ್ಸ್ ಇಲ್ಲ ಎಂದು ಅರ್ಥ.

ಒಂದು ಆಟಿ ತಿಂಗಳಿನ ಮಳೆಯಲ್ಲಿ ನನ್ನ ತಂಗಿಯ ಮಗಳು ನ್ಯುಮೋನಿಯಾ ಆಗಿ ಇಲ್ಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದಳು. ಹೆಸರು ಬೇಡ, ಅದೊಂದರ ಕಥೆಯೇನೂ ಅಲ್ಲ. ರಾತ್ರಿ ಅವಳ ಪಕ್ಕದಲ್ಲಿ ನಾನಿದ್ದೆ. ಮಕ್ಕಳ ವಾರ್ಡಿನಲ್ಲಿ ಹಾಸಿಗೆ ಹನ್ನೆರಡು, ಮಕ್ಕಳು ಹದಿನೇಳು. ಇಬ್ಬರು ಅಕ್ಕತಂಗಿಯರು ಒಂದೇ ಮಂಚದಲ್ಲಿ ತಲೆಕೆಳಗಾಗಿ ಮಲಗಿದ್ದರು. ಇದ್ದ ಸಿಸ್ಟರ್ ಒಬ್ಬರು, ವಯಸ್ಸು ಇಪ್ಪತ್ತೈದರ ಆಸುಪಾಸು. ಸಹಾಯಕಿಯನ್ನು ಹತ್ತು ಗಂಟೆಗೇ ಹೆರಿಗೆ ಕೋಣೆಯವರು ಕರೆದುಕೊಂಡಿದ್ದರು.

ಹನ್ನೆರಡರ ಹೊತ್ತಿಗೆ ಎಂಟು ತಿಂಗಳ ಕೂಸೊಂದನ್ನು ತಂದರು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಆವಿ ಕೊಟ್ಟರು, ಆಮ್ಲಜನಕ ಹಾಕಿದರು, ಡ್ಯೂಟಿ ಡಾಕ್ಟರ್ ಮೇಲೆ ಬಂದು ನೋಡಿ ‘ಮಂಗಳೂರಿಗೆ ರೆಫರ್’ ಎಂದು ಬರೆದರು. ಆಂಬ್ಯುಲೆನ್ಸ್ ಆಸ್ಪತ್ರೆಯದೇ, ಅದರಲ್ಲಿ ಚಾಲಕ ಒಬ್ಬನೇ. ಆಮ್ಲಜನಕದಲ್ಲಿರುವ ಕೂಸನ್ನು ಚಾಲಕನ ಕೈಗೆ ಒಪ್ಪಿಸಿ ಕಳಿಸಲಾದೀತೇ? ಹನ್ನೆರಡೂವರೆಗೆ ಸಿಸ್ಟರ್ ಕೂಸಿನ ಜೊತೆ ಹತ್ತಿದರು. ಹತ್ತುವ ಮುಂಚೆ ಕೆಳಗಿನ ಕ್ಯಾಶುವಾಲ್ಟಿಯ ನರ್ಸಿಗೆ ಫೋನಿನಲ್ಲಿ ‘ಒಂದು ಕಣ್ಣಿಟ್ಟಿರಿ’ ಎಂದದ್ದು ನನಗೆ ಕೇಳಿಸಿತು. ಕ್ಯಾಶುವಾಲ್ಟಿಯ ಮುಂದೆ ಆಗಲೇ ಬೈಕಿನಿಂದ ಬಿದ್ದ ಇಬ್ಬರು ಹುಡುಗರಿದ್ದರು.

ಮೂರೂಕಾಲರವರೆಗೆ ಆ ಹದಿನೇಳು ಮಕ್ಕಳಿಗೆ ಮಂಚದ ಪಕ್ಕ ಕೂತ ನಾವೇ ದಿಕ್ಕು. ನಮ್ಮಲ್ಲಿ ಒಬ್ಬ ಹುಡುಗಿ, ತೀರಾ ಎಳೆಯ ತಾಯಿ. ಬಾಟಲಿ ಬೇಗ ಮುಗಿದರೆ ಮಗು ಕೈ ಆಡಿಸಿಕೊಂಡು ಮಲಗೀತು ಎಂದು ಡ್ರಿಪ್ಪಿನ ಕೊಳವೆಯ ಮೇಲಿರುವ ಸಣ್ಣ ಗಾಲಿಯನ್ನು ಮೇಲಕ್ಕೆ ಉರುಳಿಸಿದಳು. ಕೆಟ್ಟ ಬುದ್ಧಿಯಿಂದಲ್ಲ, ಮೂರು ರಾತ್ರಿ ನಿದ್ದೆಗೆಟ್ಟಿದ್ದಳು. ಎದುರಿನ ಮಂಚದ ಅಜ್ಜಿ ಮೊದಲು ಗಮನಿಸಿದರು. ಬಾಟಲಿಯಿಂದ ಇಳಿಯುತ್ತಿದ್ದದ್ದು ಹನಿಯಾಗಿರಲಿಲ್ಲ, ನೂಲಾಗಿತ್ತು. ನಾನು ಮೆಟ್ಟಿಲಿಳಿದು ಓಡಿದೆ. ಕೆಳಗಿನ ನರ್ಸ್ ಬಂದು ಗಾಲಿ ಬಿಗಿಮಾಡಿ, ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿ, ಏನೂ ಆಗಿಲ್ಲ ಎಂದು ಹೇಳಿ ಅಷ್ಟೇ ವೇಗದಲ್ಲಿ ಇಳಿದುಹೋದರು.

ಅಷ್ಟಕ್ಕೆ ಇಷ್ಟು ಗಾಬರಿಯೇಕೆ ಎಂದು ನಿಮಗೆ ಅನಿಸಬಹುದು. ದೊಡ್ಡವರ ಮೈಗೆ ಅರ್ಧ ಲೀಟರ್ ಗ್ಲೂಕೋಸ್ ಸ್ವಲ್ಪ ಬೇಗ ಇಳಿದರೆ ಬಹುತೇಕ ಮೂತ್ರವಾಗಿ ಹೋಗುತ್ತದೆ. ಹತ್ತು ಕಿಲೋ ತೂಕದ ಮಗುವಿನ ದಿನದ ಲೆಕ್ಕವೇ ಸುಮಾರು ಒಂದು ಲೀಟರ್, ಗಂಟೆಗೆ 40 ಮಿಲಿಲೀಟರ್. ಮಕ್ಕಳಿಗೆಂದೇ ಇರುವ ಮೈಕ್ರೋಡ್ರಿಪ್ ಸೆಟ್ಟಿನಲ್ಲಿ ಒಂದು ಮಿಲಿಲೀಟರಿಗೆ 60 ಹನಿ. ಹಾಗಾಗಿ ಗಂಟೆಗೆ ಎಷ್ಟು ಮಿಲಿಲೀಟರೋ ನಿಮಿಷಕ್ಕೆ ಅಷ್ಟೇ ಹನಿ, ಎಂದರೆ ನಲವತ್ತು. ಪಂಪ್ ಇಲ್ಲದ ಕಡೆ ಆ ನಲವತ್ತನ್ನು ಯಾರೋ ಒಬ್ಬರು ಗಡಿಯಾರ ನೋಡುತ್ತ ಎಣಿಸಬೇಕು. ಮಗು ಕೈ ಮಡಚಿದರೆ ಹನಿ ನಿಲ್ಲುತ್ತದೆ, ಚಾಚಿದರೆ ಓಡುತ್ತದೆ, ಮತ್ತೆ ಎಣಿಸಬೇಕು. ಹೆಚ್ಚಾದ ನೀರು ಸೇರುವುದು ಪುಪ್ಪುಸಕ್ಕೆ, ನ್ಯುಮೋನಿಯಾದಲ್ಲಿ ಮೊದಲೇ ಸೋತಿರುವ ಪುಪ್ಪುಸಕ್ಕೆ.

ಔಷಧಿಯದೂ ಇದೇ ಪಾಡು. ಮಕ್ಕಳ ವಾರ್ಡಿನಲ್ಲಿ ‘ಎಲ್ಲರಿಗೂ ಒಂದೊಂದು ಮಾತ್ರೆ’ ಎಂಬುದಿಲ್ಲ. ಪ್ರತಿ ಡೋಸೂ ಮಗುವಿನ ತೂಕಕ್ಕೆ ಗುಣಿಸಿದ್ದು, ದೊಡ್ಡವರಿಗೆಂದು ಬಂದ ಸಣ್ಣ ಶೀಶೆಯಿಂದ ಕಾಲು ಭಾಗವನ್ನೋ ಹತ್ತನೆಯ ಒಂದು ಭಾಗವನ್ನೋ ಎಳೆದು ನೀರು ಬೆರೆಸಿ ಕೊಡುವಂಥದ್ದು. ದಶಮಾಂಶದ ಚುಕ್ಕಿ ಒಂದು ಮನೆ ಜರುಗಿದರೆ ಹತ್ತುಪಟ್ಟು. ಅದಕ್ಕೇ ಒಬ್ಬರು ಎಳೆದದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕೆಂಬ ಕ್ರಮವಿದೆ. ಒಬ್ಬರೇ ಇರುವ ಪಾಳಿಯಲ್ಲಿ ಆ ಇನ್ನೊಬ್ಬರು ಯಾರು?

ಇನ್ನು ಉಸಿರು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದವರೆಗೆ 50, ಐದು ವರ್ಷದವರೆಗೆ 40. ಇಷ್ಟು ಮುಟ್ಟಿದರೆ ಅಪಾಯದ ವೇಗ ಎಂದು ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿದೆ. ಹದಿನೈದು ಸೆಕೆಂಡ್ ನೋಡಿ ನಾಲ್ಕರಿಂದ ಗುಣಿಸುವ ಹಾಗಿಲ್ಲ. ಮಗುವಿನ ಉಸಿರು ಒಂದೇ ಹದದಲ್ಲಿ ಇರುವುದಿಲ್ಲ, ಪೂರ್ತಿ ಒಂದು ನಿಮಿಷ ಎಣಿಸಬೇಕು, ಅದೂ ಮಗು ಅಳದೆ ಇರುವಾಗ. ಹದಿನೇಳು ಮಕ್ಕಳ ಉಸಿರನ್ನು ಒಂದು ಸುತ್ತು ಎಣಿಸಲು, ಬೇರೇನನ್ನೂ ಮಾಡದಿದ್ದರೂ, ಹದಿನೇಳು ನಿಮಿಷ. ಮಳೆಗಾಲದಲ್ಲಿ ಇದಕ್ಕೆ ಡೆಂಗಿಯನ್ನೂ ಸೇರಿಸಿ. ಆ ಜ್ವರದ ಮೋಸವೆಂದರೆ, ಮೈ ತಣ್ಣಗಾಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಅಪಾಯದ ಘಟ್ಟ ಶುರುವಾಗುವುದು. ಆ ಒಂದೆರಡು ದಿನ ನಾಡಿ, ರಕ್ತದೊತ್ತಡ, ಮೂತ್ರ ಇವನ್ನು ಗಂಟೆಗಂಟೆಗೂ ನೋಡುತ್ತಿರಬೇಕು. ಇದಕ್ಕೆ ದುಬಾರಿ ಯಂತ್ರ ಬೇಡ, ಬಿಡುವಿರುವ ಒಂದು ಜೊತೆ ಕಣ್ಣು ಬೇಕು.

ಹೊರಗಿನವರಿಗೆ ಹೊಳೆಯದ ಒಂದು ಸಂಗತಿ ಗಡಿನಾಡಿನಲ್ಲಿದೆ. ನಮ್ಮದು ಸಪ್ತಭಾಷೆಗಳ ನೆಲವೆಂದು ಭಾಷಣದಲ್ಲಿ ಹೊಗಳಿಸಿಕೊಳ್ಳುತ್ತೇವೆ. ವಾರ್ಡಿನಲ್ಲಿ ಅದು ನಿಮಿಷಗಳನ್ನು ತಿನ್ನುತ್ತದೆ. ತೆಂಕಣ ಜಿಲ್ಲೆಯಿಂದ ಬಂದ ಸಿಸ್ಟರಿಗೆ ಮಲಯಾಳ, ಮಗುವಿನ ಅಜ್ಜಿಗೆ ತುಳು, ತಾಯಿಗೆ ಕನ್ನಡ ಅಥವಾ ಬ್ಯಾರಿ. ‘ಪನಿ’ ಎಂದರೆ ಮಲಯಾಳದಲ್ಲಿ ಜ್ವರ, ತುಳುವಿನಲ್ಲಿ ತುಂತುರು ಮಳೆ. ‘ಪನಿ ಯಾವಾಗ ಶುರುವಾಯಿತು’ ಎಂದು ಕೇಳಿದರೆ ಅಜ್ಜಿ ಕಿಟಕಿಯ ಹೊರಗೆ ನೋಡುತ್ತಾರೆ. ನಗು ಬರುತ್ತದೆ, ನಿಜ. ಆದರೆ ಎಷ್ಟು ಸಲ ವಾಂತಿಯಾಯಿತು, ಮೂತ್ರ ಕೊನೆಗೆ ಯಾವಾಗ ಆಯಿತು, ಯಾವ ಸಿರಪ್ ಎಷ್ಟು ಕುಡಿಸಿದಿರಿ ಎಂಬುದನ್ನು ಬಿಡಿಸಿ ಕೇಳಿ ತಿಳಿಯಲು ಸಮಯ ಬೇಕು, ಒಬ್ಬರೇ ಇರುವ ಸಿಸ್ಟರ್ ಬಳಿ ಇಲ್ಲದಿರುವುದೂ ಅದೇ. ನಡುವೆ ನಿಂತು ಅನುವಾದ ಮಾಡುವುದು ಪಕ್ಕದ ಮಂಚದವರು. ಆ ಕೆಲಸ ನಾನೂ ಮಾಡಿದ್ದೇನೆ, ತಪ್ಪು ಮಾಡಿದ್ದೇನೋ ಇಲ್ಲವೋ ಗೊತ್ತಿಲ್ಲ.

ಲೆಕ್ಕದ ವಿಷಯಕ್ಕೆ ಬರುತ್ತೇನೆ, ಬ್ಯಾಂಕಿನವರಾದ ನಿಮಗೆ ಇದು ಬೇಗ ಅರ್ಥವಾದೀತು. ಭಾರತೀಯ ನರ್ಸಿಂಗ್ ಪರಿಷತ್ತಿನ ಹಳೆಯ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬ ನರ್ಸ್, ಉಳಿದ ಆಸ್ಪತ್ರೆಗಳಲ್ಲಿ ಐದಕ್ಕೆ ಒಬ್ಬರು, ರಜೆಗೆಂದು ಮೇಲೆ ಶೇಕಡಾ 30. ಕೇಳಲು ಚೆನ್ನಾಗಿದೆ. ಆದರೆ ಅದು ಇಡೀ ದಿನಕ್ಕೆ ಬೇಕಾದ ಸಿಬ್ಬಂದಿಯ ಲೆಕ್ಕ. ಮೂರು ಪಾಳಿಗೆ ಹಂಚಿದರೆ ಮೂರು ಎಂಬುದು ಒಂಬತ್ತಾಗುತ್ತದೆ, ಐದು ಎಂಬುದು ಹದಿನೈದಾಗುತ್ತದೆ. ನಮ್ಮ ಹನ್ನೆರಡು ಹಾಸಿಗೆಯ ವಾರ್ಡಿಗೆ ರಾತ್ರಿ ಒಬ್ಬರೇ ಸಾಕೆಂದು ಕಾಗದ ಹೇಳಿದ್ದರಲ್ಲಿ ಕಾನೂನಿನ ತಪ್ಪೇನೂ ಕಾಣುವುದಿಲ್ಲ. ಹಾಸಿಗೆ ಎಂದರೆ ಮಂಜೂರಾದ ಹಾಸಿಗೆ. ಒಂದೇ ಮಂಚದಲ್ಲಿ ಮಲಗಿದ್ದ ಅಕ್ಕತಂಗಿಯರು ಕಾಗದದ ಮೇಲೆ ಒಂದೇ.

ಬೇರೆ ಕಡೆ ಮಕ್ಕಳ ವಾರ್ಡಿಗೆ ಬೇರೆಯೇ ಅಳತೆ ಇಟ್ಟಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಮಕ್ಕಳ ವಾರ್ಡಿನಲ್ಲಿ ಯಾವ ಪಾಳಿಯಲ್ಲೂ ನಾಲ್ಕು ಮಕ್ಕಳಿಗಿಂತ ಹೆಚ್ಚು ಒಬ್ಬ ನರ್ಸಿಗೆ ವಹಿಸುವಂತಿಲ್ಲ, ಅದು ಕಾನೂನು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಎರಡು ವರ್ಷದೊಳಗಿನವರಿಗೆ ಮೂರಕ್ಕೊಬ್ಬರು, ಅದಕ್ಕೆ ಮೇಲ್ಪಟ್ಟವರಿಗೆ ನಾಲ್ಕಕ್ಕೊಬ್ಬರು ಎಂದು 2013ರಲ್ಲಿ ಹೇಳಿತು. ಅದೇ ಕಡತದಲ್ಲಿರುವ ಇನ್ನೊಂದು ಸಾಲು ನನಗೆ ಹೆಚ್ಚು ಮುಖ್ಯ: ಮಕ್ಕಳ ಶುಶ್ರೂಷೆಯಲ್ಲಿ ನೋಂದಾಯಿತರಾದ ಇಬ್ಬರು ನರ್ಸುಗಳು ಎಲ್ಲ ಹೊತ್ತಿನಲ್ಲೂ ಇರಬೇಕು. ಮೂರೇ ಮಕ್ಕಳಿದ್ದರೂ ಇಬ್ಬರು. ದೊಡ್ಡ ಆಸ್ಪತ್ರೆಯಲ್ಲಿ ಭಾಗಾಕಾರ ಹೇಗೋ ನಡೆಯುತ್ತದೆ, ಒಬ್ಬರು ಎದ್ದು ಹೋದರೆ ಪಕ್ಕದ ವಾರ್ಡಿನಿಂದ ಇನ್ನೊಬ್ಬರು ಬರುತ್ತಾರೆ. ಸಣ್ಣ ಆಸ್ಪತ್ರೆಯಲ್ಲಿ ಒಬ್ಬರಿಂದ ಒಬ್ಬರನ್ನು ಕಳೆದರೆ ಉಳಿಯುವುದು ಸೊನ್ನೆ. ರೆಫರ್ ಮಾಡುವುದು ದಿನನಿತ್ಯದ ಕೆಲಸವಾಗಿರುವ ಗಡಿಯಲ್ಲಂತೂ ಆ ಕಳೆಯುವ ಲೆಕ್ಕ ವಾರಕ್ಕೆ ಹಲವು ಬಾರಿ ಬರುತ್ತದೆ.

ಹಾಸಿಗೆ ಎಣಿಸುವುದರ ಇನ್ನೊಂದು ಕುರುಡು ನಮ್ಮಲ್ಲಿ ಎದ್ದು ಕಾಣುತ್ತದೆ. ಎಣ್ಮಕಜೆ, ಬೆಳ್ಳೂರು ಕಡೆಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದ ಕಥೆ ನೀವು ಕೇಳಿರುತ್ತೀರಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಸಂತ್ರಸ್ತರಲ್ಲಿ ಕತ್ತು ನಿಲ್ಲದ, ನುಂಗಲು ಬಾರದ ಮಗುವೊಂದು ಕಫ ಕಟ್ಟಿ ದಾಖಲಾದರೆ ಒಂದು ಹೊತ್ತಿನ ಗಂಜಿ ಕುಡಿಸಲು ಮುಕ್ಕಾಲು ಗಂಟೆ ಬೇಕು. ರಿಜಿಸ್ಟರಿನಲ್ಲಿ ಅದೂ ಒಂದು ಹಾಸಿಗೆ, ನಾಳೆ ಬಿಡುಗಡೆಯಾಗಿ ಕಾರಿಡಾರಿನಲ್ಲಿ ಓಡುತ್ತಿರುವ ಹುಡುಗನದೂ ಒಂದು ಹಾಸಿಗೆ.

‘ಲೋಕಕ್ಕೆಲ್ಲ ನರ್ಸುಗಳನ್ನು ಕಳಿಸುವ ಕೇರಳದಲ್ಲಿ ಕೊರತೆಯೇ?’ ಎಂದು ನೀವು ಕೇಳುವಿರಿ. ಕಳಿಸುವುದರಿಂದಲೇ ಅರ್ಧ ಕೊರತೆ. ಸಣ್ಣ ಖಾಸಗಿ ಆಸ್ಪತ್ರೆ ಹೊಸಬರಿಗೆ ಅನುಭವ ಗಳಿಸಿ ಗಲ್ಫಿಗೆ ಹಾರುವ ಏಣಿ. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸಿನ ಸಂಬಳ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದೆಂದು ಸುಪ್ರೀಂ ಕೋರ್ಟಿನ ಸೂಚನೆಯಂತೆ ನೇಮಕವಾದ ಸಮಿತಿ 2016ರಲ್ಲಿ ಶಿಫಾರಸು ಮಾಡಿತು, ನರ್ಸುಗಳ ಚಳವಳಿಯ ನಂತರ 2018ರಲ್ಲಿ ಕೇರಳ ಅಧಿಸೂಚನೆಯನ್ನೂ ಹೊರಡಿಸಿತು. ಸರ್ಕಾರಿ ಆಸ್ಪತ್ರೆಗೆ ಬರುವವರಿಗೆ ಕಾಸರಗೋಡು ಶಿಕ್ಷೆಯ ವರ್ಗಾವಣೆ ಎಂಬ ಮಾತು ಹಳೆಯದು. ಬಂದ ದಿನವೇ ಊರಿಗೆ ಮರಳುವ ಅರ್ಜಿ ಸಿದ್ಧವಿರುತ್ತದೆ. ಅವರನ್ನು ದೂರಲಾರೆ, ಅವರ ಮಕ್ಕಳೂ ಐನೂರು ಕಿಲೋಮೀಟರ್ ಆಚೆ ಇದ್ದಾರೆ.

ಕೊರತೆಯನ್ನು ತುಂಬುವವರು ನಾವು, ಮಂಚದ ಪಕ್ಕ ಕುಳಿತವರು. ಇಲ್ಲಿನ ಆಸ್ಪತ್ರೆಗಳಲ್ಲಿ ನಮಗೆ ‘ಬೈಸ್ಟ್ಯಾಂಡರ್’ ಎನ್ನುತ್ತಾರೆ, ಸುಮ್ಮನೆ ಪಕ್ಕದಲ್ಲಿ ನಿಲ್ಲುವವರು ಎಂದು. ಒದ್ದೆ ಬಟ್ಟೆ ಹಾಕುವುದು, ಆವಿಯ ಮುಖವಾಡ ಹಿಡಿಯುವುದು, ಬಾಟಲಿ ಮುಗಿಯಿತೆಂದು ಕೂಗುವುದು ಎಲ್ಲ ನಮ್ಮ ಪಾಲಿನದು. ಯುರೋಪಿನ ಒಂಬತ್ತು ದೇಶಗಳ ಆಸ್ಪತ್ರೆಗಳ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು: ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಸಾವಿನ ಸಾಧ್ಯತೆ ಶೇಕಡಾ 7ರಷ್ಟು ಏರುತ್ತದೆ. ಅದು ಶಸ್ತ್ರಚಿಕಿತ್ಸೆಯಾದ ದೊಡ್ಡವರ ಲೆಕ್ಕ. ಪಕ್ಕದಲ್ಲಿ ನಿಂತ ದೊಡ್ಡಮ್ಮಂದಿರನ್ನು ಅದರಲ್ಲಿ ನರ್ಸ್ ಎಂದು ಎಣಿಸಿಲ್ಲ.

ಮಂಗಳೂರಿನ ದಾರಿ ಒಮ್ಮೆ ಮುಚ್ಚಿಯೂ ಹೋಗಿತ್ತು. ಕೋವಿಡ್ ಹೊತ್ತಿಗೆ, 2020ರ ಮಾರ್ಚಿನಲ್ಲಿ, ಕರ್ನಾಟಕ ಗಡಿಯ ತಲಪಾಡಿ ಚೆಕ್‌ಪೋಸ್ಟನ್ನು ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ತುರ್ತು ರೋಗಿಗಳಿಗೆ ದಾರಿ ಬಿಡಿಸಿಕೊಡುವಂತೆ ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಬೇಕಾಯಿತು. ಅಷ್ಟರಲ್ಲಿ ಚೆಕ್‌ಪೋಸ್ಟಿನಿಂದ ಹಿಂದಿರುಗಿ ತೀರಿಕೊಂಡವರಿದ್ದರು. ನಮ್ಮ ಭಯಕ್ಕೆ ಆ ದಿನಗಳ ನೆನಪೂ ಸೇರಿಕೊಂಡಿದೆ.

ಆ ರಾತ್ರಿಯ ಸಿಸ್ಟರ್ ಮೂರೂಕಾಲಿಗೆ ಮರಳಿದರು, ತಲೆ ಒದ್ದೆಯಾಗಿತ್ತು. ಕುರ್ಚಿಯಲ್ಲಿ ಕೂರಲಿಲ್ಲ, ಕೇಸ್ ಶೀಟ್ ಮುಟ್ಟಲಿಲ್ಲ. ಮೊದಲ ಮಂಚದಿಂದ ಕೊನೆಯವರೆಗೆ ನಡೆದು ಪ್ರತಿ ಮಗುವಿನ ಅಂಗಾಲನ್ನು ಹೊದಿಕೆಯೊಳಗೆ ಕೈಹಾಕಿ ಮುಟ್ಟಿದರು, ಬೆಚ್ಚಗಿದೆಯೋ ತಣ್ಣಗಿದೆಯೋ ಎಂದು. ನಮ್ಮ ಮಂಚದ ಬಳಿ ಬಂದಾಗ ‘ಮೂತ್ರಂ ಪೋಯೋ?’ ಎಂದರು. ಆಯಿತು ಎಂದೆ. ಕೂಸು ಹೇಗಿದೆ ಎಂದು ಕೇಳಿದೆ. ಮುಟ್ಟಿಸಿದ್ದೇನೆ ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು.

ನೀವು ಬನ್ನಿ, ಹೆದರಬೇಡಿ. ದೇಶದಲ್ಲಿ ಅತಿ ಕಡಿಮೆ ಶಿಶುಮರಣವಿರುವ ರಾಜ್ಯಗಳಲ್ಲಿ ಕೇರಳವೂ ಒಂದು, ಹಗಲಿನ ಚಿಕಿತ್ಸೆಗೆ ಇಲ್ಲಿನ ಡಾಕ್ಟರುಗಳು ಧಾರಾಳ ಸಾಕು. ಮಗುವಿನ ತೂಕವನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಆರು ಗಂಟೆ ಮೂತ್ರವಾಗದಿದ್ದರೆ, ಎದೆಯಲ್ಲಿ ಗುಳಿ ಬಿದ್ದರೆ, ಜ್ವರ ಬಿಟ್ಟ ಮೇಲೆ ಅಂಗಾಲು ತಣ್ಣಗಾದರೆ ಬೆಳಗಾಗಲಿ ಎಂದು ಕಾಯಬೇಡಿ. ದಾಖಲು ಮಾಡಿಕೊಳ್ಳುವಾಗ, ರಾತ್ರಿ ಮಕ್ಕಳ ವಾರ್ಡಿನಲ್ಲಿ ಎಷ್ಟು ಜನ ನರ್ಸ್ ಇರುತ್ತಾರೆ ಎಂದು ಕೌಂಟರಿನಲ್ಲಿ ಕೇಳಿ. ‘ಡಾಕ್ಟರ್ ಇಪ್ಪತ್ತನಾಲ್ಕು ಗಂಟೆಯೂ ಇರುತ್ತಾರೆ’ ಎನ್ನುತ್ತಾರೆ. ಮತ್ತೊಮ್ಮೆ ಕೇಳಿ.