ಚೀನಾದಿಂದ ಏನು ತರಲಿ? ಹಿಂಬದಿ ತಿರುಗಿಸಿ ನೋಡಿ ತನ್ನಿ

ಬೀಜಿಂಗ್, ಸೂಝೌ, ಹಾಂಗ್‌ಝೌ ಸೇರಿ ಹತ್ತು ದಿನದ ಪ್ರವಾಸ, ಮನೆಯ ಐದಾರು ಮಂದಿಗೆ ಅಲ್ಲಿಯದೇ ಎನ್ನುವಂಥ ಕೈಕೆಲಸದ ವಸ್ತು ತರಬೇಕು, ಕೈಯಲ್ಲಿ ಇಪ್ಪತ್ತೈದು ಸಾವಿರ ರೂಪಾಯಿ ಇದೆ, ಟೋಪಿ ಬೀಳಬಾರದು ಎಂದು ಕೇಳಿದ್ದೀರಿ. ಜೊತೆಗೆ, ಅತ್ತೆಯವರಿಗೆ ಜೇಡ್ ಬಳೆ ತರಬಹುದಾ ಎಂದೂ ಕೇಳಿದ್ದೀರಿ.

ಬಳೆಯಿಂದಲೇ ಶುರು ಮಾಡುತ್ತೇನೆ. ಆ ಟೋಪಿ ನನಗೆ ಬಿದ್ದಾಗಿದೆ.

ಕಂಪನಿ ಕೆಲಸದ ಮೇಲೆ ನಾಲ್ಕು ಸಲ ಸೂಝೌಗೆ ಹೋಗಿ ಬಂದಿದ್ದೇನೆ. ಮೊದಲ ಸಲ ಬೀಜಿಂಗ್‌ನಲ್ಲಿ ಒಂದು ದಿನ ಉಳಿದಿತ್ತು, ಮಹಾಗೋಡೆ ನೋಡಲು ಅಗ್ಗದ ಬಸ್ ಟೂರ್ ಹಿಡಿದೆ. ದಾರಿಯಲ್ಲಿ ಬಸ್ಸು ಒಂದು ದೊಡ್ಡ ಜೇಡ್ ಮಳಿಗೆಯ ಮುಂದೆ ನಿಂತಿತು. ಒಳಗೆ ಒಬ್ಬರು ಕಲ್ಲು ಅರೆಯುವುದನ್ನು ತೋರಿಸಿದರು, ಇನ್ನೊಬ್ಬರು ಚಹಾ ಕೊಟ್ಟರು, ಮೂರನೆಯವರು ಅತ್ತಿಗೆಗೆಂದು 700 ಯುವಾನ್‌ನ ಹಸಿರು ಬಳೆ ನನ್ನ ಕೈಗಿಟ್ಟರು. ಯುವಾನ್‌ಗೆ ಹನ್ನೆರಡು ರೂಪಾಯಿ ಹಿಡಿದರೆ ಎಂಟು ಸಾವಿರಕ್ಕೂ ಮೇಲೆ. ಕೆಂಪು ಡಬ್ಬಿ, ಒಳಗೆ ಮೊಹರು ಒತ್ತಿದ ಪ್ರಮಾಣಪತ್ರ. ಊರಿಗೆ ಬಂದ ಮೇಲೆ ಪರಿಚಯದ ಅಕ್ಕಸಾಲಿಗರೊಬ್ಬರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ, "ಬಿರುಕಿನ್ಯಾಗ ಬಣ್ಣ ಕೂತೈತ್ರಿ, ಇದು ಬಣ್ಣ ಕುಡಿಸಿದ ಕಲ್ಲು" ಎಂದರು. ಅತ್ತಿಗೆ ಈಗಲೂ ಹಬ್ಬಕ್ಕೆ ಆ ಬಳೆ ಹಾಕಿಕೊಳ್ಳುತ್ತಾರೆ. ಅವರು ಇಂಥ ಪ್ರಶ್ನೋತ್ತರ ಓದುವವರಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಜೇಡ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕಲ್ಲುಗಳಿವೆ. ಒಂದು ನೆಫ್ರೈಟ್, ಶಿಂಜಿಯಾಂಗ್‌ನ ಹೆತಿಯಾನ್ ಸೀಮೆಯದು ಹೆಸರುವಾಸಿ. ಇನ್ನೊಂದು ಜೇಡೈಟ್, ಮ್ಯಾನ್ಮಾರ್‌ನಿಂದ ಬರುತ್ತದೆ. ಜೇಡೈಟ್‌ಗೆ ವ್ಯಾಪಾರದವರು ಎ, ಬಿ, ಸಿ ಎಂದು ಹೇಳುವುದನ್ನು ಕೇಳಿದಾಗ ನಾವು ಪರೀಕ್ಷೆಯ ದರ್ಜೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಎ ಎಂದರೆ ಏನೂ ಬೆರೆಸದ ಕಲ್ಲು, ಅದು ಕಳಪೆಯೂ ಇರಬಹುದು. ಬಿ ಎಂದರೆ ಆಮ್ಲದಲ್ಲಿ ತೊಳೆದು ರಾಳ ತುಂಬಿದ್ದು, ಸಿ ಎಂದರೆ ಬಣ್ಣ ಹಾಕಿದ್ದು. ಬರಿಗಣ್ಣಿಗೆ ಇವು ನಮಗೆ ಬೇರೆಯಾಗಿ ಕಾಣುವುದಿಲ್ಲ, ಆದ್ದರಿಂದ ಅತ್ತೆಯವರ ಬಳೆಯ ಆಸೆ ಬಿಟ್ಟುಬಿಡಿ. ಪ್ರವಾಸಿಗರನ್ನು ಬಲವಂತವಾಗಿ ಅಂಗಡಿಗೆ ಒಯ್ಯಬಾರದೆಂದು ಚೀನಾದಲ್ಲಿ 2013ರ ಅಕ್ಟೋಬರ್‌ನಿಂದ ಕಾನೂನೇ ಇದೆ. ಟೂರ್‌ನ ದರ ನಂಬಲಾಗದಷ್ಟು ಕಡಿಮೆ ಇದ್ದರೆ ಮಾತ್ರ ಉಳಿದದ್ದನ್ನು ಎಲ್ಲಿ ವಸೂಲಿ ಮಾಡುತ್ತಾರೆಂದು ಹೊರಡುವ ಮುಂಚೆಯೇ ಕೇಳಿ.

ಅಂದಿನಿಂದ ಶೋಕೇಸಿನಲ್ಲಿಡುವ ವಸ್ತುವಿಗಿಂತ ಆ ಊರಿನವರೇ ಬಳಸಲು ಕೊಳ್ಳುವ ವಸ್ತುವಿನ ಕಡೆ ಹೋಗುತ್ತೇನೆ. ಕುಂಚ, ಕಾಗದ, ಕತ್ತರಿ, ಬೀಸಣಿಗೆ, ಚಹಾ, ಮೊಹರು. ಇವಕ್ಕೆ ದಿನಾ ಕೊಳ್ಳುವ ಸ್ಥಳೀಯ ಗಿರಾಕಿಗಳಿರುತ್ತಾರೆ. ಅವರು ನಿಂತು ಕೊಳ್ಳುವ ಅಂಗಡಿಯಲ್ಲಿ ನನ್ನೊಬ್ಬನಿಗೆ ಬೇರೆ ದರ ಹೇಳುವುದು ಅಂಗಡಿಯವನಿಗೂ ಕಷ್ಟ.

ಬೀಜಿಂಗ್‌ನಲ್ಲಿ ಅಂಥ ಜಾಗ ಲಿಯುಲಿಚಾಂಗ್. ಅರಮನೆಗಳಿಗೆ ಮೆರುಗಿನ ಹೆಂಚು ಸುಡುತ್ತಿದ್ದ ಭಟ್ಟಿಗಳಿಂದ ಆ ಬೀದಿಗೆ ಹೆಸರು ಬಂದದ್ದು; ಈಗ ಅಲ್ಲಿರುವುದು ಬರೆಯುವ, ಚಿತ್ರ ಬಿಡಿಸುವ ಸಾಮಾನಿನ ಅಂಗಡಿಗಳು. ಚಿತ್ರಕಲೆ ಕಲಿಯುವ ಅಣ್ಣನ ಮಗಳಿಗೆ ಅಲ್ಲಿಂದ ಶುವಾನ್ ಕಾಗದ ತಂದೆ. ಆನ್‌ಹುಯಿ ಪ್ರಾಂತದಲ್ಲಿ ಒಂದು ಬಗೆಯ ಮರದ ತೊಗಟೆ ಮತ್ತು ಭತ್ತದ ಹುಲ್ಲು ಸೇರಿಸಿ ಮಾಡುವ ಕಾಗದ ಅದು. ಕೊಳ್ಳುವಾಗ 'ಶೆಂಗ್' ಬೇಕೋ 'ಶೂ' ಬೇಕೋ ಎಂದು ಕೇಳುತ್ತಾರೆ. ಶೆಂಗ್ ಎಂದರೆ ಹಸಿ: ಶಾಯಿ ತಾಗಿದರೆ ಹರಡಿಕೊಳ್ಳುತ್ತದೆ. ಶೂ ಎಂದರೆ ಪಟಿಕ ಹಾಕಿ ಹದ ಮಾಡಿದ್ದು: ಸಣ್ಣ ಗೆರೆಯ ಕೆಲಸಕ್ಕೆ ಆಗುತ್ತದೆ. ಕುಂಚದಲ್ಲಿ ಆಡಿನ ಕೂದಲಿನ ಮೆತ್ತನೆಯದು ತಂದರೆ ಸಾಕು. ಇವೆಲ್ಲ ಹಗುರ, ಒಡೆಯುವುದಿಲ್ಲ, ಸುತ್ತಿ ಚೀಲದ ಅಂಚಿಗೆ ಇಟ್ಟರಾಯಿತು. ಅದೇ ಬೀದಿಯ ರೊಂಗ್‌ಬಾವ್‌ಝಾಯ್ ಹಳೆಯ ಅಂಗಡಿ. ಒಂದು ಚಿತ್ರಕ್ಕೆ ಹಲವು ಮರದ ಅಚ್ಚು ಕೆತ್ತಿ, ಬಣ್ಣದ ಮೇಲೆ ಬಣ್ಣ ಒತ್ತಿ ಮುದ್ರಿಸುವುದರಲ್ಲಿ ಅದು ಪ್ರಸಿದ್ಧ. ದೊಡ್ಡವು ನಮ್ಮ ಕೈಗೆ ನಿಲುಕುವುದಿಲ್ಲ, ನೋಡಿ ಬರಲು ಅಡ್ಡಿಯಿಲ್ಲ.

ಪಾನ್‌ಜಿಯಾಯುವಾನ್ ಸಂತೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಹೋಗಿ, ಶನಿವಾರ ಇಲ್ಲವೇ ಭಾನುವಾರ ಬೆಳಗಿನ ಜಾವವೇ ಹೋಗಿ, ಚೆನ್ನಾಗಿರುತ್ತದೆ. ಆದರೆ 'ಮಿಂಗ್ ಅರಸರ ಕಾಲದ್ದು', 'ಅಜ್ಜನ ಕಾಲದ್ದು' ಎನ್ನುವುದನ್ನೆಲ್ಲ ಕಳೆದ ತಿಂಗಳು ಮಾಡಿದ್ದು ಎಂದು ತಿಳಿದೇ ಚೌಕಾಸಿ ಮಾಡಿ. ಲೆಕ್ಕ ಸರಳ: 1911ಕ್ಕಿಂತ ಹಿಂದಿನ ಪುರಾತನ ವಸ್ತು ದೇಶದ ಹೊರಗೆ ಒಯ್ಯುವುದಕ್ಕೆ ಚೀನಾದಲ್ಲಿ ನಿಷೇಧವಿದೆ, 1949ಕ್ಕಿಂತ ಹಿಂದಿನದಕ್ಕೆ ಸರ್ಕಾರದ ತಪಾಸಣೆ, ಕೆಂಪು ಅರಗಿನ ಮುದ್ರೆ ಬೇಕು. ಅಂದರೆ ಮಾರುವವನು ಹೇಳಿದ್ದು ನಿಜವಾದರೆ ನೀವು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ, ಸುಳ್ಳಾದರೆ ಅಲ್ಲೇ ಮೋಸ ಹೋಗಿದ್ದೀರಿ. ಹೊಸದೆಂದೇ ತಿಳಿದು, ಚೆಂದ ಕಂಡಿದ್ದಕ್ಕೆ ಚೆಂದದ ಬೆಲೆ ಕೊಟ್ಟರೆ ಎರಡೂ ತಲೆನೋವಿಲ್ಲ. ನಾನು ಅಲ್ಲಿ ಕೊಂಡದ್ದು ಕೆಂಪು ಕಾಗದ ಕತ್ತರಿಸಿ ಮಾಡಿದ ಕಿಟಕಿಯ ಹೂಗಳನ್ನು ಮಾತ್ರ. ಪುಸ್ತಕದ ನಡುವೆ ಇಟ್ಟು ತಂದೆ, ನೆರೆಹೊರೆಯ ಐದು ಮನೆಗೆ ಆಯಿತು. ದಂತದ್ದು ಎಂದು ಯಾರಾದರೂ ಪಿಸುಗುಟ್ಟಿದರೆ ನಿಲ್ಲಲೂ ಬೇಡಿ, 2017ರ ಕೊನೆಗೆ ಚೀನಾದಲ್ಲೂ ದಂತದ ವ್ಯಾಪಾರ ಬಂದ್ ಆಗಿದೆ. ಪೇಟೆ ಬೀದಿಯಲ್ಲಿ ಒಳ್ಳೆಯ ಇಂಗ್ಲಿಷ್‌ನಲ್ಲಿ ಮಾತಿಗೆಳೆದು 'ನಮ್ಮ ಕಲಾ ಪ್ರದರ್ಶನ ನೋಡಿ', 'ಚಹಾ ಕುಡಿಯೋಣ' ಎನ್ನುವ ಹುಡುಗ ಹುಡುಗಿಯರಿಗೂ ಕೈ ಮುಗಿದು ಮುಂದೆ ನಡೆಯಿರಿ. ಆ ಚಹಾದ ಬಿಲ್ಲು ಸಾವಿರಗಟ್ಟಲೆ ಯುವಾನ್ ಆಗುತ್ತದೆ.

ಈಗ ಸೂಝೌ. ನನ್ನ ಪಕ್ಷಪಾತ ಇಲ್ಲಿದೆ, ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಧಾರವಾಡ, ಅವ್ವ ಕಸೂತಿ ಹಾಕುವವಳು. ಗವಂತಿ, ಮುರಗಿ ಹೊಲಿಗೆಗಳಲ್ಲಿ ಗಂಟು ಹಾಕುವುದಿಲ್ಲ; ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಸೂಝೌದ ರೇಷ್ಮೆ ಕಸೂತಿಯಲ್ಲೂ 'ಎರಡು ಮುಖದ' ಕೆಲಸವೇ ಹಿರಿಮೆ. ತೆಳ್ಳನೆ ರೇಷ್ಮೆ ಬಟ್ಟೆಯ ಮೇಲೆ ಬೆಕ್ಕೋ ಬಂಗಾರದ ಮೀನೋ, ಆಚೆ ಈಚೆ ಎಲ್ಲಿಂದ ನೋಡಿದರೂ ಪೂರ್ತಿ. ಒಂದು ರೇಷ್ಮೆ ದಾರವನ್ನು ಎರಡು, ನಾಲ್ಕು, ಎಂಟು, ಹದಿನಾರು ಎಳೆಯಾಗಿ ಸೀಳಿ ಹೊಲಿಯುತ್ತಾರೆ. ಮೀನಿನ ಬಾಲದ ತುದಿಗೆ ಹೋದ ಎಳೆ ನನ್ನ ಕಣ್ಣಿಗೆ ಕಾಣಲೇ ಇಲ್ಲ, ಬಣ್ಣ ಮಾತ್ರ ಕಂಡಿತು.

ಕೊಳ್ಳುವುದಿದ್ದರೆ ಹಳೆ ಊರಿನ ಪ್ರವಾಸಿ ಬೀದಿಗಳಲ್ಲಿ ಬೇಡ. ತಾಯ್‌ಹು ಸರೋವರದ ಕಡೆ ಝೆನ್‌ಹು ಎಂಬ ಊರಿದೆ, ಅಲ್ಲಿಗೆ ಹೋಗಿ. ಮನೆ ಮನೆಯಲ್ಲಿ ಕಸೂತಿ, ಒಂದು ಬೀದಿಯ ತುಂಬ ಅದರದೇ ಅಂಗಡಿಗಳು, ಬಾಗಿಲ ಹತ್ತಿರ ಬೆಳಕಿಗೆ ಚೌಕಟ್ಟು ಇಟ್ಟುಕೊಂಡು ಹೊಲಿಯುತ್ತ ಕೂತ ಹೆಂಗಸರು. ಅರ್ಧ ದಿನ ಬೇಕು. 'ಶೌಶಿಯು' ಅಂದರೆ ಕೈ ಕಸೂತಿ, 'ಜೀಶಿಯು' ಅಂದರೆ ಯಂತ್ರದ್ದು. ಈ ಎರಡು ಪದ ಕಲಿತಿರಿ. ಆಮೇಲೆ ತಿರುಗಿಸಿ ನೋಡಿ. ಯಂತ್ರದ್ದಾದರೆ ಹಿಂದೆ ಬಾಬಿನ್ನಿನ ದಾರ ಒಂದೇ ಬಣ್ಣದಲ್ಲಿ ಓಡಿರುತ್ತದೆ, ಹೊಲಿಗೆಗಳು ಅಳೆದಿಟ್ಟಂತೆ ಸಮ. ಕೈಯದ್ದಾದರೆ ಹಿಂದೆಯೂ ಮುಂದಿನ ಬಣ್ಣಗಳೇ, ಉದ್ದ ಗಿಡ್ಡ ಬೆರೆತಿರುತ್ತದೆ. ಚೌಕಟ್ಟಿಗೆ ಹಾಕಿ ಹಿಂಬದಿ ಮುಚ್ಚಿದ್ದನ್ನು ಬಿಚ್ಚಿ ತೋರಿಸಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ದೊಡ್ಡ ಎರಡು ಮುಖದ ಚಿತ್ರಗಳು ತಿಂಗಳುಗಟ್ಟಲೆ ಕೂತು ಮಾಡಿದವು, ಬೆಲೆಯೂ ಹಾಗೆಯೇ ಇರುತ್ತದೆ. ನಾನು ತಂದದ್ದು ಅಂಗೈಯಗಲದ್ದು, 280 ಯುವಾನ್, ಚೌಕಟ್ಟಿಲ್ಲದೆ.

ಮನೆಗೆ ತಂದು ಕೊಟ್ಟಾಗ ಅವ್ವ ಹೂವು ನೋಡಲೇ ಇಲ್ಲ, ಸೀದಾ ಮಗ್ಗಲು ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. "ಗಂಟ ಎಲ್ಲಿ ಮುಚ್ಯಾಳವಾ ಈಕಿ?" ಎಂದು ಬಹಳ ಹೊತ್ತು ಹುಡುಕಿದಳು. ಸಿಗಲಿಲ್ಲ. ಆಮೇಲೆ ಪಕ್ಕದ ಮನೆಯವರನ್ನೂ ಕರೆದು ಹುಡುಕಿಸಿದಳು.

ಸೂಝೌದಲ್ಲಿ ಗಂಧದ ಬೀಸಣಿಗೆಯೂ ಪ್ರಸಿದ್ಧ. ಒಳ್ಳೆಯ ಕೆಲಸಕ್ಕೆ ಅವರು ಹುಡುಕುತ್ತಿದ್ದದ್ದು ನಮ್ಮ ಕಡೆಯ ಶ್ರೀಗಂಧವನ್ನೇ, ಅದಕ್ಕೆ 'ಲಾವ್‌ಶಾನ್' ಗಂಧ ಎನ್ನುತ್ತಾರೆ. ಐವತ್ತು ಯುವಾನ್‌ಗೆ ಸಿಗುವುದು ಯಾವುದೋ ಮರಕ್ಕೆ ಅತ್ತರು ಬಳಿದದ್ದು. ಮೈಸೂರಿನವರಿಗೆ ಅದನ್ನು ತಂದುಕೊಟ್ಟು ನಗೆಪಾಟಲಾಗಬೇಡಿ. ಸೂಝೌ ಮ್ಯೂಸಿಯಂ ಅಂಗಡಿಯಲ್ಲಿ, ಮಿಂಗ್ ಕಾಲದ ಚಿತ್ರಕಾರ ವೆನ್ ಝೆಂಗ್‌ಮಿಂಗ್ ನೆಟ್ಟದ್ದೆನ್ನುವ ಬಳ್ಳಿಯ ಬೀಜವನ್ನು ಪುಟ್ಟ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ನನಗೆ ಬಹಳ ಆಸೆಯಾಗಿತ್ತು. ಆದರೆ ಅನುಮತಿ ಪತ್ರವಿಲ್ಲದೆ ಬೀಜ ಭಾರತದೊಳಗೆ ತರುವಂತಿಲ್ಲ, ಬಿಟ್ಟು ಬಂದೆ.

ಹಾಂಗ್‌ಝೌದಲ್ಲಿ ಮೊದಲು ರೇಷ್ಮೆ ಮ್ಯೂಸಿಯಂ, ಚಹಾ ಮ್ಯೂಸಿಯಂ ನೋಡಿ, ಎರಡಕ್ಕೂ ಟಿಕೆಟ್ ಇಲ್ಲ. ನೋಡಿದ ಮೇಲೆ ಅಂಗಡಿಯವರ ಮಾತಿನಲ್ಲಿ ಜೊಳ್ಳು ಎಷ್ಟು ಎಂದು ತಿಳಿಯುತ್ತದೆ. ಲೊಂಗ್‌ಜಿಂಗ್ ಚಹಾ ಅಲ್ಲಿಯದು, ಕಾದ ಬಾಣಲೆಯಲ್ಲಿ ಕೈಯಿಂದ ಒತ್ತಿ ಒತ್ತಿ ಎಲೆಯನ್ನು ಚಪ್ಪಟೆ ಮಾಡಿರುತ್ತಾರೆ. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕಿಂತ ಮುಂಚೆ ಕೊಯ್ದದ್ದು ಬಲು ದುಬಾರಿ, ಅದರ ನಂತರದ ಕೊಯ್ಲು ನಮ್ಮಂಥವರಿಗೆ ಧಾರಾಳ ಸಾಕು. ಬೆಲೆ ಕೇಳುವಾಗ ತೂಕ ಕೇಳಿ. ಅಲ್ಲಿ ಒಂದು 'ಜಿನ್' ಎಂದರೆ 500 ಗ್ರಾಂ, 'ಲಿಯಾಂಗ್' ಎಂದರೆ 50 ಗ್ರಾಂ. ಜಿನ್ನಿನ ದರ ಎಂದುಕೊಂಡು ತೂಗಿಸಿ, ಲಿಯಾಂಗಿನ ದರ ಎಂದು ಗೊತ್ತಾದಾಗ ಗಲ್ಲಾದ ಮುಂದೆ ಬೆವರಿದವರನ್ನು ನೋಡಿದ್ದೇನೆ. ಮಣ್ಣಿನ ಚಹಾ ಕುಡಿಕೆಗೆ ಆಸೆಪಟ್ಟು ಯಿಶಿಂಗ್‌ನ ನೇರಳೆ ಮಣ್ಣಿನದು ಕೊಳ್ಳುವಿರಾದರೆ ಒಂದು ಮಾತು: ಅದಕ್ಕೆ ಮೆರುಗು ಇರುವುದಿಲ್ಲ, ವಾಸನೆ ಹೀರುತ್ತದೆ. ಅದರಲ್ಲಿ ಹಾಲು, ಶುಂಠಿ ಹಾಕಿದ ನಮ್ಮ ಚಹಾ ಸುರಿದರೆ ಕುಡಿಕೆಯ ಕಥೆ ಮುಗಿಯಿತು.

ಅತ್ತೆಯವರಿಗೆ ಬಳೆಯ ಬದಲು ವಾಂಗ್‌ಶಿಂಗ್‌ಜಿಯ ಕಪ್ಪು ಕಾಗದದ ಬೀಸಣಿಗೆ ತನ್ನಿ. 1875ರಿಂದ ಇರುವ ಹಾಂಗ್‌ಝೌದ ಹೆಸರು. ಹಿಪ್ಪುನೇರಳೆ ತೊಗಟೆಯ ಕಾಗದಕ್ಕೆ ಒಂದು ಬಗೆಯ ಹಣ್ಣಿನ ರಸ ಬಳಿದು ಮಾಡುವುದರಿಂದ ಬಿಸಿಲು ಮಳೆಗೆ ಜಗ್ಗುವುದಿಲ್ಲ. ಕರೆಂಟು ಹೋದಾಗ ನಿಮ್ಮ ಹೆಸರು ಹೇಳಿಕೊಂಡು ಬೀಸಿಕೊಳ್ಳುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೊಹರು. ಹಾಂಗ್‌ಝೌದ ಪಶ್ಚಿಮ ಸರೋವರದ ದ್ವೀಪದಲ್ಲಿ 1904ರಲ್ಲಿ ಶುರುವಾದ ಶಿಲಿಂಗ್ ಮೊಹರು ಸಂಘವಿದೆ, ಊರಿನಲ್ಲಿ ಕೆತ್ತುವವರಿಗೂ ಬರವಿಲ್ಲ. ಮೆದು ಕಲ್ಲು ಆರಿಸಿದರೆ ಕಣ್ಣೆದುರೇ ಕೆತ್ತಿ ಕೊಡುತ್ತಾರೆ. ಎಲ್ಲರೂ ತಮ್ಮ ಹೆಸರನ್ನು ಚೀನೀ ಅಕ್ಷರಕ್ಕೆ ತಿರುಗಿಸಿಕೊಳ್ಳುತ್ತಾರೆ. ನಾನು ಅಪ್ಪನ ಹೆಸರನ್ನು ಕನ್ನಡದಲ್ಲೇ ದೊಡ್ಡದಾಗಿ ಬರೆದು ಒಯ್ದಿದ್ದೆ. ಕೆತ್ತುವ ಮುದುಕರು ಕನ್ನಡಕ ಏರಿಸಿ ಚೀಟಿ ನೋಡಿದರು, ಒತ್ತಕ್ಷರದ ಮೇಲೆ ಬೆರಳಿಟ್ಟು 'ಇದು ಬೇರೆಯೋ, ಮೇಲಿನದಕ್ಕೆ ಸೇರಿದ್ದೋ' ಎಂದು ಸನ್ನೆಯಲ್ಲೇ ಕೇಳಿದರು. ಸೇರಿದ್ದು ಎಂದು ಎರಡೂ ಬೆರಳು ಹೆಣೆದು ತೋರಿಸಿದೆ. ತಿರುಗುಮುರುಗಾಗಿ ಬರೆದುಕೊಂಡು ಅರ್ಧ ಗಂಟೆಯಲ್ಲಿ ಕೆತ್ತಿದರು. ಕಲ್ಲು ಸೇರಿ 160 ಯುವಾನ್. ಅಪ್ಪ ಈಗ ತಮ್ಮ ಪುಸ್ತಕಗಳಿಗೆಲ್ಲ ಕೆಂಪು ಮೊಹರು ಒತ್ತುತ್ತಿದ್ದಾರೆ, ವಿದ್ಯುತ್ ಬಿಲ್ಲಿಗೂ ಒತ್ತಿದ್ದನ್ನು ನೋಡಿದೆ. ಹೇಳಿ ಮಾಡಿಸುವಾಗ ಅಕ್ಷರ ಕೆಂಪಾಗಿ ಮೂಡಬೇಕೋ, ಕೆಂಪಿನ ನಡುವೆ ಬಿಳಿಯಾಗಿ ಮೂಡಬೇಕೋ ಎಂದು ಮೊದಲೇ ತೀರ್ಮಾನಿಸಿ. ಕನ್ನಡದ ದುಂಡನೆ ಅಕ್ಷರಕ್ಕೆ ಬಿಳಿಯೇ ಚೆನ್ನ ಅಂತ ನನಗನ್ನಿಸಿತು. ಮೊಹರಿಗೆ ಹಚ್ಚುವ ಸಾಂಪ್ರದಾಯಿಕ ಕೆಂಪು ಶಾಯಿಯಲ್ಲಿ ಪಾದರಸದ ಇಂಗಲೀಕ ಇರುತ್ತದೆ, ಮಕ್ಕಳ ಕೈಗೆ ಸಿಗದಂತೆ ಇಡಿ.

ಹಣದ ವಿಷಯ ಬೇಗ ಮುಗಿಸುತ್ತೇನೆ. ಮೊಬೈಲಿನಿಂದ ಹಣ ಕೊಡುವ ಅಲಿಪೇ ಆ್ಯಪ್ ಹಾಕಿಕೊಂಡು, ನಿಮ್ಮ ಕಾರ್ಡಿಗೆ ವಿದೇಶಿ ಬಳಕೆ ಚಾಲೂ ಮಾಡಿ, ಮನೆಯಲ್ಲೇ ಜೋಡಿಸಿಕೊಳ್ಳಿ. ಸಂತೆಯ ಅಜ್ಜಿಯೂ ಕ್ಯುಆರ್ ಹಲಗೆ ಇಟ್ಟಿರುತ್ತಾಳೆ. ಸ್ವಲ್ಪ ನೋಟೂ ಇರಲಿ. ಚೌಕಾಸಿ ಸಂತೆಯಲ್ಲಿ ಮಾತ್ರ, ದರ ಚೀಟಿ ಇರುವ ಹಳೆ ಅಂಗಡಿಗಳಲ್ಲಿ ಇಲ್ಲ. 'ದ್ವೋಶಾವ್ ಚ್ಯೆನ್' ಎಂದರೆ ಎಷ್ಟು, 'ತಾಯ್ ಗುಯ್ ಲ' ಎಂದರೆ ಜಾಸ್ತಿಯಾಯಿತು. ಉಳಿದದ್ದು ಕ್ಯಾಲ್ಕುಲೇಟರ್ ಮಾತಾಡುತ್ತದೆ.

ಕೊನೆಯದು ಕತ್ತರಿ. ಹಾಂಗ್‌ಝೌದ ಝಾಂಗ್ ಶಿಯಾವ್‌ಚುವಾನ್ ಕತ್ತರಿಗೆ 1663ರಿಂದ ಹೆಸರಿದೆ. ಅವ್ವನಿಗೆಂದು ದೊಡ್ಡದು ಕೊಂಡು ಖುಷಿಯಿಂದ ರೈಲು ನಿಲ್ದಾಣಕ್ಕೆ ಹೋದೆ, ತಪಾಸಣೆಯಲ್ಲಿ ತೆಗೆದಿಟ್ಟುಕೊಂಡರು. ಅಲ್ಲಿನ ರೈಲುಗಳಲ್ಲಿ 6 ಸೆಂಟಿಮೀಟರ್‌ಗಿಂತ ಉದ್ದನೆ ಅಲಗಿನ ಕತ್ತರಿ ಕೈಚೀಲದಲ್ಲಿ ಒಯ್ಯುವಂತಿಲ್ಲ. ತಪ್ಪು ನನ್ನದೇ, ನಿಯಮ ಓದಿರಲಿಲ್ಲ. ನೀವು ಊರಿಂದೂರಿಗೆ ರೈಲಿನಲ್ಲೇ ಓಡಾಡುವವರು, ಹಾಗಾಗಿ ದಾರ ಕತ್ತರಿಸುವ ಗಿಡ್ಡ ಅಲಗಿನದು ಆರಿಸಿ, ವಿಮಾನದಲ್ಲಿ ಚೆಕ್-ಇನ್ ಚೀಲಕ್ಕೆ ಹಾಕಿ. ಮುಂದಿನ ಸಲ ನಾನು ಹಾಗೇ ತಂದೆ. ಅವ್ವ ಅದನ್ನು ಕಸೂತಿ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾಳೆ, ಹಾಲಿನ ಪಾಕೀಟು ಕತ್ತರಿಸಲು ಕೇಳಿದರೆ ಕೊಡುವುದಿಲ್ಲ.