ಸರಾಸರಿ 28, ಆದರೂ ಒಂದು ಸರ್ವರ್ ಮಾತ್ರ ಏದುಸಿರು ಬಿಡುತ್ತಿದೆ

ಪ್ರಶ್ನೆ: ನಮ್ಮದು ಕೊರಿಯರ್ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಚಿಕ್ಕ ಆಫೀಸು. ಡೇಟಾಬೇಸ್ 12 ಸರ್ವರ್‌ಗಳಲ್ಲಿ ಹರಡಿದೆ. ಹನ್ನೊಂದರ ಸಿಪಿಯು 22 ಪರ್ಸೆಂಟ್ ಆಸುಪಾಸಿನಲ್ಲಿದೆ, ಒಂದರದ್ದು ಮಾತ್ರ ಸದಾ 95. ಇನ್ನೂ ಮೂರು ಸರ್ವರ್ ಸೇರಿಸಿದರೂ ಅದು ಇಳಿಯಲಿಲ್ಲ. ಡೇಟಾ ಮಾತ್ರ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಸಮ ಇದೆ. ಎಲ್ಲಿ ತಪ್ಪಿದ್ದೇವೆ? – ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಕೊನೇ ವಾಕ್ಯದಲ್ಲೇ ಸುಳಿವಿದೆ. ಡೇಟಾ ಸಮನಾಗಿ ಹಂಚಿದೆ ಅಂದರೆ ಕೆಲಸವೂ ಸಮನಾಗಿ ಹಂಚಿದೆ ಅಂತಲ್ಲ. ಹೋದ ವರ್ಷದ ಪಾರ್ಸೆಲ್‌ಗಳ ದಾಖಲೆ ಎಷ್ಟೋ ಜಿಬಿ ಇರಬಹುದು, ಯಾರೂ ಕೇಳುವುದಿಲ್ಲ. ಆದರೆ ದೊಡ್ಡ ಗ್ರಾಹಕರೊಬ್ಬರ ದರಪಟ್ಟಿ ಕೆಲವೇ ಕೆಬಿ ಇದ್ದರೂ, ಪ್ರತಿ ಬುಕಿಂಗ್‌ಗೂ ಅದನ್ನು ಓದಲೇಬೇಕು ಅಲ್ವಾ?

ಮದುವೆ ಊಟ ನೆನಪಿಸಿಕೊಳ್ಳಿ. ಬಡಿಸುವವರು ಹನ್ನೆರಡು ಜನ, ಆದರೆ ಹೋಳಿಗೆ ಬುಟ್ಟಿ ಇರುವುದು ಒಬ್ಬನ ಕೈಯಲ್ಲಿ. ಅನ್ನ, ಸಾರು, ಪಲ್ಯಕ್ಕೆ ಇನ್ನೂ ಮೂವರನ್ನು ಕರೆದರೂ ಹೋಳಿಗೆಗೆ ಕಾಯುವವರು ಕಾಯುತ್ತಲೇ ಇರುತ್ತಾರೆ. ನಿಮಗಾಗಿದ್ದೂ ಇದೇ. ಹನ್ನೊಂದರ ಭಾರ ಹದಿನಾಲ್ಕಕ್ಕೆ ಹಂಚಿಹೋಗಿ ಅವು 17ರ ಹತ್ತಿರ ಬಂದಿರುತ್ತವೆ, ಒಟ್ಟು ಸರಾಸರಿ 28ರಿಂದ 22ಕ್ಕೆ ಇಳಿದಿರುತ್ತದೆ. ಗ್ರಾಫ್ ನೋಡಿದವರಿಗೆ ಸಮಾಧಾನ. ಆ ಒಂದು ಸರ್ವರ್ ಮೇಲಿನ ಗ್ರಾಹಕರಿಗೆ ಮಾತ್ರ ಅದೇ ಟೈಮ್‌ಔಟ್, ಅಂದರೆ ಉತ್ತರಕ್ಕೆ ಕಾದು ಕಾದು ಕೈಬಿಡುವುದು. ದಯವಿಟ್ಟು ಇವತ್ತೇ ಡ್ಯಾಶ್‌ಬೋರ್ಡ್‌ನಲ್ಲಿ ಸರಾಸರಿಯ ಪಕ್ಕ ಅತಿ ಹೆಚ್ಚು ಲೋಡ್ ಇರುವ ಸರ್ವರ್‌ನ ಅಂಕಿಯನ್ನೂ ಹಾಕಿ.

ಡೇಟಾದ ಒಂದೇ ತುಂಡಿನ (ಪಾರ್ಟಿಷನ್) ಮೇಲೆ ಹೀಗೆ ಭಾರ ಬೀಳುವುದನ್ನು ಹಾಟ್ ಪಾರ್ಟಿಷನ್ ಅನ್ನುತ್ತಾರೆ. ಯಾವ ದಾಖಲೆ ಯಾವ ತುಂಡಿಗೆ ಹೋಗಬೇಕು ಅಂತ ತೀರ್ಮಾನಿಸುವ ಗುರುತೇ ಕೀ, ಉದಾಹರಣೆಗೆ ಗ್ರಾಹಕರ ನಂಬರ್. ಒಂದು ಕೀಗೆ ಬರುವ ಕೋರಿಕೆಗಳೆಲ್ಲ ಆ ಕೀ ಇರುವ ಜಾಗಕ್ಕೇ ಹೋಗುತ್ತವೆ, ಪಕ್ಕದಲ್ಲಿ ನೂರು ಸರ್ವರ್ ಖಾಲಿ ಕೂತಿದ್ದರೂ ಅಷ್ಟೇ. ಅಮೆಜಾನ್‌ನ ಡೈನಮೋಡಿಬಿ ಅನ್ನುವ ಡೇಟಾಬೇಸ್‌ನಲ್ಲಿ ಇದನ್ನು ನಿಯಮವಾಗಿಯೇ ಬರೆದಿದ್ದಾರೆ: ಒಂದು ಪಾರ್ಟಿಷನ್‌ಗೆ ಸೆಕೆಂಡಿಗೆ 3000 ರೀಡ್ ಯೂನಿಟ್ (ಓದುವ ಕೆಲಸದ ಅಳತೆ), 1000 ರೈಟ್ ಯೂನಿಟ್ (ಬರೆಯುವ ಕೆಲಸದ ಅಳತೆ), ಅಷ್ಟೇ. ಟೇಬಲ್‌ಗೆ ಎಷ್ಟೇ ದುಡ್ಡು ಕಟ್ಟಿ, ಒಂದು ಸಾಲು ಈ ಮಿತಿ ದಾಟುವುದಿಲ್ಲ.

ಹಾಗಾಗಿ ಮೊದಲು ಬಿಸಿ ಇರುವ ಕೀ ಯಾವುದು ಅಂತ ಹುಡುಕಿ. ನಿಮ್ಮದು ಕಸಾಂಡ್ರ ಅನ್ನುವ ಡೇಟಾಬೇಸ್ ಆದರೆ ಅದರ ಜೊತೆ ಬರುವ ನೋಡ್‌ಟೂಲ್ ಉಪಕರಣದಲ್ಲೇ ಟಾಪ್‌ಪಾರ್ಟಿಷನ್ಸ್ ಅನ್ನುವ ಕಮಾಂಡ್ ಇದೆ. ಬೇರೆ ಡೇಟಾಬೇಸ್ ಆದರೆ ನಿಮ್ಮ ಕೋಡ್‌ನಲ್ಲೇ ನೂರಕ್ಕೊಂದು ಕೋರಿಕೆಯ ಕೀಯನ್ನು ಲಾಗ್‌ಗೆ ಬರೆದು, ಸಂಜೆ ಎಣಿಸಿ ನೋಡಿ. ಬಿಸಿ ನಿಜವಾಗಿ ಕೀಯಿಂದಲೇ ಆಗಿದ್ದರೆ ಇಷ್ಟರಲ್ಲೇ ಕಾಣುತ್ತದೆ.

ಆಮೇಲೆ, ಓದುವುದು ಜಾಸ್ತಿಯೋ ಬರೆಯುವುದು ಜಾಸ್ತಿಯೋ ನೋಡಿ, ಯಾಕಂದರೆ ಮದ್ದು ಬೇರೆ ಬೇರೆ. ಓದುವುದು ಜಾಸ್ತಿಯಾದರೆ ಬುಟ್ಟಿಗಳನ್ನು ಹೆಚ್ಚಿಸಬಹುದು, ಅಂದರೆ ಕ್ಯಾಷ್ (ಪದೇ ಪದೇ ಬೇಕಾಗುವ ಡೇಟಾದ ತಾತ್ಕಾಲಿಕ ನಕಲು). ದರಪಟ್ಟಿಯನ್ನು ಅಪ್ಲಿಕೇಶನ್‌ನಲ್ಲೇ ಮೂವತ್ತು ಸೆಕೆಂಡ್ ಇಟ್ಟುಕೊಂಡರೂ ಸಾಕು. ಇದರ ಜೊತೆಗೆ ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ನವರು ಮಾಡಿದ್ದು ನನಗೆ ತುಂಬ ಇಷ್ಟ. ಅವರ ಮೆಸೇಜ್‌ಗಳು ಕಸಾಂಡ್ರದಲ್ಲಿದ್ದವು, 2022ರ ಹೊತ್ತಿಗೆ 177 ನೋಡ್‌ಗಳು, ಅಂದರೆ ಸರ್ವರ್‌ಗಳು. ದೊಡ್ಡ ಗುಂಪಿನಲ್ಲಿ ಎಲ್ಲರಿಗೂ ಒಂದು ಸೂಚನೆ ಹೋದರೆ ಎಲ್ಲರೂ ಒಟ್ಟಿಗೆ ಅದೇ ಚಾನೆಲ್ ತೆರೆಯುತ್ತಿದ್ದರು, ಆ ಒಂದು ಪಾರ್ಟಿಷನ್ ಇರುವ ನೋಡ್‌ಗಳು ಕುಸಿಯುತ್ತಿದ್ದವು. ಅವರು ಡೇಟಾಬೇಸ್ ಮುಂದೆ ಒಂದು ಪದರ ಕಟ್ಟಿದರು. ಒಂದೇ ಸಾಲನ್ನು ಒಂದೇ ಸಮಯಕ್ಕೆ ಸಾವಿರ ಜನ ಕೇಳಿದರೆ, ಡೇಟಾಬೇಸ್‌ಗೆ ಹೋಗುವುದು ಒಂದೇ ಕೋರಿಕೆ, ಬಂದ ಉತ್ತರ ಸಾವಿರ ಜನಕ್ಕೂ ಸಿಗುತ್ತದೆ. ಒಂದು ಚಾನೆಲ್‌ನ ಕೋರಿಕೆಗಳೆಲ್ಲ ಆ ಪದರದ ಒಂದೇ ಜಾಗಕ್ಕೆ ಬರುವಂತೆಯೂ ಮಾಡಿದರು, ಇಲ್ಲವಾದರೆ ಒಟ್ಟುಗೂಡಿಸುವುದು ಹೇಗೆ? ಅದೇ ವರ್ಷ ಡೇಟಾಬೇಸ್ ಅನ್ನೇ ಬದಲಿಸಿ ಸಿಲ್ಲಾಡಿಬಿಗೆ ಹೋದಾಗ 72 ನೋಡ್ ಸಾಕಾಯಿತು.

ಬರೆಯುವುದು ಜಾಸ್ತಿಯಾದರೆ ಕ್ಯಾಷ್ ನಿಮ್ಮನ್ನು ಕಾಪಾಡುವುದಿಲ್ಲ. ಕೀಯನ್ನೇ ಒಡೆಯಬೇಕು. ಗ್ರಾಹಕರ ನಂಬರ್ ಒಂದೇ ಕೀ ಆಗಿದ್ದರೆ ಅದರ ಕೊನೆಗೆ 0ಯಿಂದ 9ರವರೆಗಿನ ಒಂದು ಅಂಕಿ ಸೇರಿಸಿ, ಬರಹ ಹತ್ತು ಕಡೆ ಹರಡುತ್ತದೆ. ಆದರೆ ಆ ಗ್ರಾಹಕರ ಪೂರ್ತಿ ಪಟ್ಟಿ ಬೇಕಾದಾಗ ಹತ್ತೂ ಕಡೆ ಕೇಳಿ ಜೋಡಿಸಬೇಕು. ಅದಕ್ಕೇ ಎಲ್ಲರಿಗೂ ಇದನ್ನು ಮಾಡಬೇಡಿ, ಬಿಸಿ ಇರುವ ನಾಲ್ಕಾರು ಗ್ರಾಹಕರಿಗೆ ಮಾತ್ರ ಮಾಡಿ. ಇನ್ನೊಂದು ಮಾತು, ದಿನಾಂಕವನ್ನು ಕೀಯ ಮೊದಲ ಭಾಗ ಮಾಡಲೇಬೇಡಿ. ಎಚ್‌ಬೇಸ್ ಅನ್ನುವ ಡೇಟಾಬೇಸ್‌ನಂತೆ ಕೀಗಳನ್ನು ಸಾಲಾಗಿ ಜೋಡಿಸಿಡುವ ಕಡೆ ಇವತ್ತಿನ ಬರಹವೆಲ್ಲ ಕೊನೆಯ ತುಂಡಿಗೇ ಬೀಳುತ್ತದೆ. ನಾನು ಮೊದಲು ಇದ್ದ ಕಡೆ ಹೀಗೆ ಮಾಡಿ, ಒಂದು ಹಬ್ಬದ ಸೀಸನ್ ಪೂರ್ತಿ ರಾತ್ರಿ ಎದ್ದು ಕೂತಿದ್ದೇವೆ.

ಪ್ರಶ್ನೆ: ಸೆಫ್ ಸ್ಟೋರೇಜ್‌ಗೆ (ಡೇಟಾವನ್ನು ಹಲವು ಡಿಸ್ಕ್‌ಗಳಲ್ಲಿ ನಕಲು ಸಮೇತ ಹರಡಿಡುವ ಸಾಫ್ಟ್‌ವೇರ್) ಹಳೆಯ 4 ಟಿಬಿ ಡಿಸ್ಕ್‌ಗಳ ಜೊತೆ ಹೊಸ 16 ಟಿಬಿ ಹಾರ್ಡ್ ಡಿಸ್ಕ್ ಹಾಕಿದೆವು. ಹೊಸವೇ ನಿಧಾನ ಆಗಿವೆ! ಹಾಳಾದ ಮಾಲು ಕೊಟ್ಟರಾ? – ಓದುಗರು, ಮೈಸೂರು

ಉತ್ತರ: ಮಾಲು ಸರಿಯಾಗೇ ಇರಬಹುದು. ಸೆಫ್ ಪ್ರತಿ ಡಿಸ್ಕ್‌ಗೂ ಅದರ ಗಾತ್ರದ ಮೇಲೆ ತೂಕ ಕೊಡುತ್ತದೆ. 16 ಟಿಬಿಗೆ ನಾಲ್ಕು ಪಟ್ಟು ಡೇಟಾ ಹೋಯಿತು, ಅದರ ಹಿಂದೆಯೇ ನಾಲ್ಕು ಪಟ್ಟು ಕೋರಿಕೆಗಳೂ ಹೋದವು. ಆದರೆ ತಿರುಗುವ ಡಿಸ್ಕ್ ದೊಡ್ಡದಾಯಿತು ಅಂತ ಬೇಗ ತಿರುಗುವುದಿಲ್ಲ. ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120. ಬೇಕಾದ ಜಾಗ ಡಿಸ್ಕ್ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದೇ 4 ಮಿಲಿಸೆಕೆಂಡ್ ದಾಟುತ್ತದೆ, ಮುಳ್ಳು ಸರಿಯುವ ಸಮಯ ಬೇರೆ. ಚದುರಿದ ಓದು ಸೆಕೆಂಡಿಗೆ ನೂರರ ಆಸುಪಾಸು, 4 ಟಿಬಿ ಆದರೂ 16 ಟಿಬಿ ಆದರೂ. ಅಂದರೆ ನಾಲ್ಕು ಪಟ್ಟು ಕೆಲಸ, ಅದೇ ಎರಡು ಕೈ. ಸದ್ಯಕ್ಕೆ ಹೊಸ ಡಿಸ್ಕ್‌ಗಳ ಪ್ರೈಮರಿ ಅಫಿನಿಟಿ (ಓದಲು ಮೊದಲು ಆ ಡಿಸ್ಕನ್ನೇ ಆರಿಸುವ ಸಾಧ್ಯತೆ) ಕಮ್ಮಿ ಮಾಡಿ, ಓದುವ ಕೋರಿಕೆಗಳು ಬೇರೆ ನಕಲುಗಳ ಕಡೆ ಹೋಗುತ್ತವೆ. ಬರಹ ಹಾಗೇ ಇರುತ್ತದೆ. ಸಾಧ್ಯವಾದರೆ ದೊಡ್ಡ ಡಿಸ್ಕ್‌ಗಳನ್ನೆಲ್ಲ ಬೇರೆ ಪೂಲ್ (ಗುಂಪು) ಮಾಡಿ, ಬ್ಯಾಕಪ್‌ಗೆ ಬಿಟ್ಟುಬಿಡಿ.

ಪ್ರಶ್ನೆ: ಹ್ಯಾಶ್ ಮಾಡಿದರೆ ಎಲ್ಲ ತಾನಾಗಿಯೇ ಸಮ ಆಗುತ್ತದೆ ಅಂತ ಓದಿದ್ದೆ, ಸುಳ್ಳಾ? – ವಿದ್ಯಾರ್ಥಿನಿ, ತುಮಕೂರು

ಉತ್ತರ: ಅರ್ಧ ನಿಜ. ಹ್ಯಾಶ್ ಅಂದರೆ ಕೀಯನ್ನು ಒಂದು ಸಂಖ್ಯೆಯಾಗಿ ಬದಲಿಸುವ ಲೆಕ್ಕ, ಅದೇ ಕೀಗೆ ಯಾವಾಗಲೂ ಅದೇ ಸಂಖ್ಯೆ. ಡೇವಿಡ್ ಕಾರ್ಗರ್ ಮತ್ತು ಜೊತೆಗಾರರು 1997ರಲ್ಲಿ ಕನ್ಸಿಸ್ಟೆಂಟ್ ಹ್ಯಾಶಿಂಗ್ ಕೊಟ್ಟರು: ಒಂದು ಉಂಗುರ, ಅದರ ಮೇಲೆ ಸರ್ವರ್‌ಗಳು, ಪ್ರತಿಯೊಂದಕ್ಕೂ ಅದರ ಹಿಂದಿನ ಹಾದಿ ಸೇರಿದ್ದು, ಆ ಹಾದಿಯಲ್ಲಿ ಬೀಳುವ ಕೀಗಳೆಲ್ಲ ಆ ಸರ್ವರ್‌ಗೇ. ಹತ್ತು ಸರ್ವರ್‌ಗಳನ್ನು ಉಂಗುರದ ಮೇಲೆ ಸುಮ್ನೆ ಎಸೆದರೆ ಅತಿ ಉದ್ದದ ಹಾದಿ ಸರಾಸರಿಗಿಂತ ಸುಮಾರು ಮೂರು ಪಟ್ಟು ಇರುತ್ತದೆ, ಪೇಪರ್ ಮೇಲೆ ನೀವೇ ಲೆಕ್ಕ ಹಾಕಬಹುದು. ಅದಕ್ಕೇ ಒಂದೊಂದು ಸರ್ವರ್‌ಗೂ ಉಂಗುರದ ಮೇಲೆ ಹಲವು ಜಾಗ ಕೊಡುತ್ತಾರೆ. ಕಸಾಂಡ್ರ ಮೊದಲು 256 ಜಾಗ ಕೊಡುತ್ತಿತ್ತು. 2021ರ 4.0 ಆವೃತ್ತಿಯಿಂದ 16, ಯಾಕಂದರೆ ಈಗ ಜಾಗವನ್ನು ಕಣ್ಣುಮುಚ್ಚಿ ಎಸೆಯದೆ ಲೆಕ್ಕ ಹಾಕಿ ಆರಿಸುತ್ತದೆ. ಇದೆಲ್ಲ ಕೀಗಳನ್ನು ಸಮ ಮಾಡುತ್ತದೆ. ಒಂದೇ ಕೀಯನ್ನು ಊರೆಲ್ಲ ಕೇಳಿದರೆ ಹ್ಯಾಶ್ ಏನು ಮಾಡೀತು? ಅದು ಪ್ರತಿ ಸಲವೂ ಅದೇ ಸರ್ವರ್‌ನ ಹೆಸರನ್ನೇ ಹೇಳುತ್ತದೆ. ಹುಬ್ಬಳ್ಳಿಯವರಿಗೆ ಬರೆದ ಉತ್ತರವನ್ನೂ ಒಮ್ಮೆ ಓದಿ.